ನಾಲ್ಕು ಬ್ಯಾಟರಿ, ಒಬ್ಬ ಕಾಕಾ

ಸಂಗಮೇಶ್ವರ ಕಾಕಾನಿಗೆ ಗೊತ್ತಿಲ್ಲದ ವಿಷಯ ನಮ್ಮ ವಾಡಿ ಊರಲ್ಲಿ ಇನ್ನೂ ಹುಟ್ಟಿಲ್ಲ. ಹಾಗಂತ ಅವನೇ ಹೇಳುತ್ತಾನೆ, ನಾವು ಕೇಳುತ್ತೇವೆ, ಬೇರೆ ದಾರಿಯಿಲ್ಲ. ಬಸವ ಜಯಂತಿಯಲ್ಲಿ ಮೈಕ್ ಹಿಡಿದು ಸಮಾನತೆಯ ಮೇಲೆ ಗಂಟಲು ಹರಿದುಕೊಳ್ಳುವವನು ಅವನೇ. ಮುಂದೆ ಕೂತ ಹೆಂಗಸರಿಗೆ "ಹಿಂದ ಸರೀರಿ, ಗಂಡಸರು ಕುಂದ್ರಲಿ" ಅನ್ನುವವನೂ ಅವನೇ.

ಅವನ ಅಣ್ಣನ ಮಗಳು ಭಾಗ್ಯಜ್ಯೋತಿ ಬ್ಯಾಟರಿ ರಿಕ್ಷಾ ಓಡಿಸುತ್ತಾಳೆ. ಸಿಮೆಂಟು ಕಾರ್ಖಾನೆಯ ಕ್ವಾರ್ಟರ್ಸಿನ ಮಕ್ಕಳನ್ನು ಶಾಲೆಗೆ ಬಿಟ್ಟು ತರುವುದು ಅವಳ ಖಾಯಂ ಕೆಲಸ. ಈಚೆಗೆ ರಿಕ್ಷಾ ಸೇತುವೆಯ ಏರಿನಲ್ಲಿ ಎರಡು ಸಲ ನಿಂತುಬಿಟ್ಟಿತ್ತು. ಮಕ್ಕಳ ತಾಯಂದಿರ ಪರವಾಗಿ ಜಾನಬಿ ಖಡಕ್ಕಾಗಿ ಹೇಳಿದ್ದಳು: "ಇನ್ನೊಮ್ಮಿ ನಿಂತ್ರ ನಾವು ಆಟೋ ನೋಡ್ಕೋತೀವಿ, ಭಾಗ್ಯಾ. ಬ್ಯಾಸರ ಮಾಡ್ಕೋಬ್ಯಾಡ."

ಭಾಗ್ಯಜ್ಯೋತಿ, ಮೊದಲೇ ರಿಕ್ಷಾ ನೋಡಿದ್ದ ಬ್ಯಾಟರಿ ಅಂಗಡಿಯ ರಮೇಶಕುಮಾರನಿಗೆ ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಅವನ ದನಿ ಬಂತು: "ನಾಲ್ಕು ಬ್ಯಾಟ್ರಿಯೊಳಗ ಒಂದು ಹಿಂದ ಬಿದ್ದದ ಅಕ್ಕಾ. ನಾಲ್ಕೂ ಸಮ ಮಾಡ್ಬೇಕು. ಅದಕ್ಕ ಏನ್ ಮಾಡ್ಬೇಕಂದ್ರ..."

ಪಕ್ಕದಲ್ಲಿದ್ದ ಕಾಕಾ ಫೋನು ಕಸಿದು ಕಟ್ ಮಾಡಿದ. "ಸಮ ಮಾಡೋದು ನನಗ ಹೇಳಿಕೊಡ್ತಾನ ಇವ? ಜಲಮ ಪೂರ್ತಿ ಅದನ್ನೇ ಹೇಳ್ಕೋತ ಬಂದೀನಿ!"

ಮರುದಿನ ಬೆಳಿಗ್ಗೆ ಅವಳು ಜಳಕ ಮುಗಿಸಿ ಬರುವುದರೊಳಗೆ ಕಾಕಾ ರಿಕ್ಷಾದ ಸೀಟು ಎತ್ತಿ, ಬ್ಯಾಟರಿಗಳ ಮುಚ್ಚಳ ಬಿಚ್ಚಿ ಕೂತಿದ್ದ. ಹೋಳಿಯ ಪಿಚಕಾರಿಯಿಂದ ಮೂರು ಗಟ್ಟಿ ಬ್ಯಾಟರಿಗಳ ಆಸಿಡ್ ಹೀರಿ ಸೊರಗಿದ್ದಕ್ಕೆ ಹಾಕಿದ್ದ. ಕಡಿಮೆ ಬಿದ್ದಲ್ಲಿ ಬೋರಿನ ನೀರು ಸುರಿದಿದ್ದ. ಕಾಸಿದರೆ ಪಾತ್ರೆಗೆ ಸುಣ್ಣ ಹತ್ತುವ, ಬ್ಯಾಟರಿಗೆ ಆಗಿಬರದ ನೀರು ಅದು. ಆಸಿಡ್ ಸಿಡಿದು ಧೋತರದಲ್ಲಿ ಆಗಲೇ ತೂತು ಬಿದ್ದಿದ್ದವು.

"ಕಾಕಾ! ಏನ್ ಮಾಡ್ಲಿಕತ್ತೀರಿ?"

"ಇದ್ದವರ ಕಡಿಂದ ತಗೊಂಡು ಇಲ್ಲದವರಿಗಿ ಕೊಡ್ಲಿಕತ್ತೀನಿ. ನಿನಗೆಲ್ಲಿ ತಿಳೀಬೇಕು."

"ನಿಮ್ಮ ಧೋತರಕ್ಕ ತಿಳದದ ನೋಡ್ರಿ."

ಶಾಲೆಯ ಹೊತ್ತಾಗಿತ್ತು. ವಿಧಿಯಿಲ್ಲದೆ ಮಕ್ಕಳನ್ನು ಹತ್ತಿಸಿಕೊಂಡು ಹೊರಟಳು. ತನ್ನ ವಿದ್ಯೆಯ ಫಲ ನೋಡಲು ಕಾಕಾನೂ ಪಕ್ಕದಲ್ಲಿ ತುರುಕಿಕೊಂಡ. ಸೇತುವೆಯ ಏರು ಇನ್ನೂ ಶುರುವಾಗಿರಲಿಲ್ಲ, ರಿಕ್ಷಾ ಮುಲುಗಿ ನಿಂತಿತು. ಸುದ್ದಿ ತಿಳಿದು ಜಾನಬಿ ಓಡಿಬಂದಳು.

"ನೋಡು ತಂಗಿ, ಬ್ಯಾಟ್ರಿ ಅಂದ್ರ..." ಎಂದು ಕಾಕಾ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡ.

"ಚಾಚಾ, ಜರಾ ಬಾಯಿ ಮುಚ್ಚರಿ. ಕೆಳಗ ಇಳದು ದಬ್ಬರಿ."

ಹಿಂದಿನ ಸೀಟಿನ ಮಕ್ಕಳು ಕೇಕೆ ಹಾಕಿದವು. ಜಾನಬಿ ಭಾಗ್ಯಜ್ಯೋತಿಯ ಕಡೆ ತಿರುಗಿದಳು: "ಖರೆ ಹೇಳು. ಗಾಡಿಗಿ ಕೈ ಹಾಕಿದ್ದು ಈ ಮನಶ್ಯಾನೇ?"

"ಹೌದ್ರಿ."

"ಹಂಗಿದ್ರ ಗಾಡೀದೇನು ತಪ್ಪಿಲ್ಲ. ಇನ್ನ ಮ್ಯಾಲ ಇವರ ಕೈ ಗಾಡಿಗಿ ಹತ್ತಂಗಿಲ್ಲ ಅಂದ್ರ ಮಕ್ಕಳು ನಿನ್ನ ಕಡೀನೇ. ಹತ್ತಿತು ಅಂದ್ರ ಆಟೋ."

ಮಕ್ಕಳನ್ನು ಜಾನಬಿ ಶಾಲೆಗೆ ನಡೆಸಿಕೊಂಡು ಹೋದಳು. ಕಾಕಾ, ಭಾಗ್ಯಜ್ಯೋತಿ ರಿಕ್ಷಾವನ್ನು ಬ್ಯಾಟರಿ ಅಂಗಡಿಯವರೆಗೆ ದಬ್ಬಿಕೊಂಡೇ ಹೋದರು. ರಮೇಶಕುಮಾರ ಒಳಗೆ ಇಣುಕಿ, "ಯಾವ ಬೇಕೂಫಂದು ಈ ಕೆಲಸ?" ಅಂದ. ಕಾಕಾ ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬಗಳನ್ನು ಹುಡುಕತೊಡಗಿದ.

ಕೆಟ್ಟ ಆಸಿಡ್ ತೆಗೆದು ಹೊಸದು ತುಂಬಿ ರಮೇಶಕುಮಾರ ಚಾರ್ಜಿಗೆ ಹಾಕಿದ. "ಒಂದರದು ಕಸಕೊಂಡು ಒಂದಕ್ಕ ಹಾಕೋದು ಸಮ ಅಲ್ಲ ಅಕ್ಕಾ. ಚಾರ್ಜು ತುಂಬಿದ ಮ್ಯಾಲೂ ಸಣ್ಣಗ ಕರೆಂಟು ಬಿಡ್ಕೋತ ಇರಬೇಕು. ಮುಂದ ಹೋದವು ಗುಳ್ಳಿ ಬಿಟ್ಕೋತ ಹಾದಿ ಕಾಯ್ತಾವ, ಹಿಂದಿಂದು ಬಂದು ಕೂಡ್ತದ. ಇಷ್ಟೇ."

"ಇದನ್ನೇ ನಾನೂ ಹೇಳಿದ್ದೆ," ಅಂದ ಕಾಕಾ.

ಭಾಗ್ಯಜ್ಯೋತಿ ಎದುರಿನ ಅಂಗಡಿಗೆ ಹೋಗಿ ಬಂದು, ಸೀಟಿನ ಕೆಳಗಿನ ಬ್ಯಾಟರಿ ಪೆಟ್ಟಿಗೆಗೆ ಬೀಗ ಜಡಿಯಲು ಕೂತಳು.

"ಬೀಗ ಯಾಕ? ಮನೀ ಹಿರ್ಯಾನ ಮ್ಯಾಲ ವಿಶ್ವಾಸ ಇಲ್ಲೇನು?"

"ಭಾಳ ಅದ ರಿ ಕಾಕಾ. ಅದಕ್ಕೇ ಎರಡು ತಂದೀನಿ."