ಸುಣ್ಣ ಕಾಣದ ಪಡುಗೋಡೆ

ಕ್ಷಮೆಯನ್ನು ಜಗಳಕ್ಕೆ ಬಂದವರ ದನಿಯಲ್ಲಿ ಕೇಳಬಲ್ಲ ಒಬ್ಬಳೇ ಒಬ್ಬ ಹೆಂಗಸನ್ನು ನಾನು ಬಲ್ಲೆ, ಆಕೆ ರೂತಮ್ಮ. ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು, ನೆರೆಮನೆಯ ಹೊಸ್ತಿಲಿನೆದುರು ನಿಂತು, ಓಣಿಯ ಆ ತುದಿಗೂ ಕೇಳುವಂತೆ, "ಮೌಲಾಬಿ, ಹೊರಗ ಬಾ. ನಿನ್ನ ಕೋಳಿಗಿ ನಾನೇ ಕಲ್ಲು ಒಗದೀನಿ. ಅದು ಕುಂಟಾದದ್ದು ನನ್ನಿಂದ. ತಪ್ಪು ನಂದು. ಹೌದೋ ಅಲ್ಲೋ?" ಎಂದು ಆಕೆ ಅಬ್ಬರಿಸುವುದನ್ನು ಕಂಡರೆ ಪರವೂರಿನವರು ಬಡಿದಾಟವೇ ಆಯಿತೆಂದು ಹೆದರಿ ದಾರಿ ಬದಲಿಸುತ್ತಿದ್ದರು. ಮೌಲಾಬಿ ಮಾತ್ರ ಒಲೆಯ ಮುಂದಿನಿಂದ ಏಳದೆ, "ಹೌದವಾ ಹೌದು, ಮಾಫ್ ಮಾಡೀನಿ ಹೋಗು. ನಿಮ್ಮ ಹಬ್ಬ ಹತ್ರ ಬಂತು ಅಂತ ಗೊತ್ತಾತು" ಎಂದು ನಗುತ್ತಿದ್ದಳು.

ಗಿಡ್ಡ ದೇಹ, ಹೊಲದ ಬದುವಿನ ಮೇಲೆ ನಡೆದೂ ನಡೆದೂ ಬಂದ, ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ನೇರ ಗೆರೆಯಲ್ಲಿಡುವ ನಡಿಗೆ, ಶಹಾಪುರದ ಅಗಲವಾದ ಪೇಟೆಬೀದಿಯಲ್ಲೂ ಆಕೆ ಅತ್ತಿತ್ತ ಸರಿಯದೆ ಹಾಗೆಯೇ ನಡೆಯುವಳು, ಎದುರಿಗೆ ಬಂದವರೇ ಸರಿಯಬೇಕು. ಚಳಿ ಬಿದ್ದಿತೆಂದರೆ ಸೀರೆಯ ಮೇಲೊಂದು ಖಾಕಿ ಉಣ್ಣೆಯ ಕೋಟು ಏರುತ್ತಿತ್ತು. ಅದು ಯಾದಗಿರಿ ಸ್ಟೇಷನ್ನಿನಲ್ಲಿ ರೈಲುಹಳಿಯ ಕೂಲಿಯಾಗಿದ್ದ ಗಂಡ ಜೀವಪ್ಪನದು. ತೋಳು ಬೆರಳ ತುದಿಯನ್ನೂ ದಾಟಿ ಇಳಿಬೀಳುತ್ತಿದ್ದರೂ ಆಕೆ ಅದನ್ನು ಕತ್ತರಿಸಿ ಹೊಲಿಸಿಕೊಂಡವಳಲ್ಲ. ಅಳತೆ ಗಂಡನದು, ತನ್ನದಲ್ಲ ಎಂಬುದು ಆಕೆಯ ವಾದ. ಭತ್ತ ಕೊಯ್ಯುವಾಗಲೂ ಕೋಟು, ಪ್ರಾರ್ಥನೆಗೆ ಹೋಗುವಾಗಲೂ ಕೋಟು.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಅಲ್ಲಿನ ಕ್ರೈಸ್ತ ಸಭೆಯವರು ಆಗಮನ ಕಾಲವೆನ್ನುತ್ತಾರೆ. ಉಳಿದ ಮನೆಗಳಲ್ಲಿ ಆ ದಿನಗಳು ಕರ್ಚಿಕಾಯಿ, ಬಣ್ಣದ ಕಾಗದದ ನಕ್ಷತ್ರ, ಮಕ್ಕಳ ಹೊಸ ಬಟ್ಟೆಗಳ ಗಡಿಬಿಡಿಯಲ್ಲಿ ಕಳೆದುಹೋಗುತ್ತವೆ. ರೂತಮ್ಮನ ಮನೆಯಲ್ಲಿ ಮಾತ್ರ ಅತ್ತೆ ಸಾಯಬಮ್ಮ ಹಾಕಿಕೊಟ್ಟ ಬೇರೆಯದೇ ಕಟ್ಟಳೆಯಿತ್ತು. ನಾಲ್ಕು ಭಾನುವಾರ, ಮನೆಗೆ ನಾಲ್ಕು ಗೋಡೆ. ವಾರಕ್ಕೊಂದು ಗೋಡೆಗೆ ಸುಣ್ಣ. ಆದರೆ ಪುಂಡಿನಾರಿನ ಕುಂಚವನ್ನು ಸುಣ್ಣಕ್ಕೆ ಅದ್ದುವ ಮುನ್ನ ಒಂದು ಮನಸ್ತಾಪ ತೀರಿರಬೇಕು. ತಪ್ಪು ತನ್ನದಾದರೆ ತಾನೇ ಹೋಗಿ ಹೇಳಬೇಕು. ಎದುರಿನವರದಾದರೆ ಅವರು ಬಾಯಿಬಿಟ್ಟು ಹೇಳಬೇಕು, ಹೇಳಿದ ಕ್ಷಣವೇ ತಾನು ಬಿಟ್ಟುಬಿಡಬೇಕು. ಜಗಳ ಯಾವ ದಿಕ್ಕಿನದೋ ಆ ದಿಕ್ಕಿನ ಗೋಡೆ. ತೀರದೆ ಉಳಿದರೆ ಗೋಡೆಯೂ ಹಾಗೆಯೇ ಉಳಿಯಬೇಕು. "ಒಳಗ ಹೊಲಸ ಮುಚ್ಚಿಟ್ಟು ಮ್ಯಾಲ ಸುಣ್ಣ ಬಳದ್ರ ಯಾರಿಗಿ ತೋರಸಾಕ?" ಎಂದು ಸಾಯಬಮ್ಮ ಹೇಳುತ್ತಿದ್ದಳಂತೆ.

ನಾನು ಆ ಊರಿಗೆ ಬಂದದ್ದು ಕಾಲುವೆ ಕಚೇರಿಯ ಗುಮಾಸ್ತನಾಗಿ. ಕೃಷ್ಣೆಯ ನೀರು ಕಾಲುವೆಯಲ್ಲಿ ಹರಿದುಬಂದು, ಜೋಳದ ಕರಿನೆಲ ನೋಡನೋಡುತ್ತ ಭತ್ತದ ಗದ್ದೆಯಾಗುತ್ತಿದ್ದ ವರ್ಷಗಳವು. ದೊಡ್ಡ ಕಾಲುವೆಯಿಂದ ಹೊಲಹೊಲಕ್ಕೆ ಸಣ್ಣ ಕಾಲುವೆಗಳನ್ನು ತೋಡುವ ಕೆಲಸ ನಡೆದಿತ್ತು. ಊರಿನ ಪಡುವಣ ಅಂಚಿನ ದಿಬ್ಬದ ಮೇಲೆ ರೂತಮ್ಮನ ಮನೆ. ಅದರ ಕೆಳಗೆ ಜಾಲಿಬೇಲಿಯ ನಡುವೆ ಕ್ರೈಸ್ತರ ಹಳೆಯ ಸಮಾಧಿಭೂಮಿ. ಜೀವಪ್ಪನೂ ಸಾಯಬಮ್ಮನೂ ಅಲ್ಲಿಯೇ ಮಲಗಿದ್ದರು. ಕಾಲುವೆಯ ಗೆರೆ ಮೊದಲು ಬಿದ್ದದ್ದು ಅದರ ಪಕ್ಕದಲ್ಲಿದ್ದ ಅಂಬ್ರಪ್ಪನ ಹೊಲದ ಮೇಲೆ. ಅಂಬ್ರಪ್ಪನೆಂದರೆ ಸಭೆಯ ಹಿರಿಯ, ಭಾನುವಾರ ಮುಂದಿನ ಸಾಲಿನಲ್ಲಿ ಕೂತು ಕಣ್ಣುಮುಚ್ಚಿ ಪ್ರಾರ್ಥಿಸುವ ಬಿಳಿ ಧೋತರದ ಮನುಷ್ಯ. ಆತ ಸಭೆಯ ಪರವಾಗಿ ಪಂಚನಾಮೆಗೆ ಸಹಿ ಹಾಕಿದ: ಬೇಲಿಯೊಳಗಿನ ಜಾಗ ಪಾಳುಬಿದ್ದಿದೆ, ಅಲ್ಲಿ ವಾರಸುದಾರರುಳ್ಳ ಸಮಾಧಿ ಒಂದೂ ಇಲ್ಲ. ಗೆರೆ ಸರಿಯಿತು, ಹೊಲ ಉಳಿಯಿತು. ರೂತಮ್ಮ ಸುರಪುರದ ತವರಿಗೆ ಬಾಣಂತಿಯ ಆರೈಕೆಗೆಂದು ಹೋಗಿದ್ದ ಆ ಹದಿನೈದು ದಿನಗಳಲ್ಲಿ ಯಂತ್ರ ಬಂದು ಕೆಲಸ ಮುಗಿಸಿ ಹೋಗಿತ್ತು. ಹಿಂದಿರುಗಿದಾಗ ಗಂಡನ ತಲೆಗಲ್ಲು ಯಾರದೋ ಬದುವಿನಲ್ಲಿ ಮೆಟ್ಟಿಲಾಗಿ ಬಿದ್ದಿತ್ತು.

ಆ ಪಂಚನಾಮೆಯನ್ನು ಬರೆದ ಕೈ ನನ್ನದು. ಕೂತಲ್ಲೇ ಕೂತು, ಜಾಲಿಬೇಲಿಯತ್ತ ಒಮ್ಮೆಯೂ ನಡೆದು ನೋಡದೆ, ಹೇಳಿದ್ದನ್ನು ಬರೆದೆ. ರೂತಮ್ಮ ಆ ವರ್ಷವೆಲ್ಲ ಕಚೇರಿಯ ಮುಂದೆ ಹಾದುಹೋಗುವಾಗ ನನ್ನ ಹೆತ್ತವರನ್ನು ಸೇರಿಸಿ ಬೈದಳು. ಆಗಮನದ ಎರಡನೆಯ ವಾರ ಒಂದು ಬೆಳಿಗ್ಗೆ ಕೋಟು ತೊಟ್ಟು ನನ್ನ ಬಾಗಿಲಿಗೆ ಬಂದಳು.

"ಸಾಹೇಬ್ರ, ನಿಮಗ ಬೈದದ್ದು ಸರಿ. ನಿಮ್ಮ ಅವ್ವಗ ಬೈದದ್ದು ತಪ್ಪು. ಆಕಿ ಏನ್ ಮಾಡ್ಯಾಳ ಪಾಪ? ಅದಕ್ಕ ಬಂದೀನಿ. ಹೌದೋ ಅಲ್ಲೋ?"

ನನಗೆ ನಗು ಬರಬೇಕಿತ್ತು. ಬದಲು ಹೊಸ್ತಿಲಿಳಿದು ಆಕೆಯೆದುರು ನಿಂತೆ. ಹೋಗಿ ನೋಡದೆ ಬರೆದೆನಮ್ಮ, ಅದು ನನ್ನ ತಪ್ಪು ಎಂದೆ. ಆಕೆ ನನ್ನ ಮುಖವನ್ನೊಮ್ಮೆ ದಿಟ್ಟಿಸಿ, "ಹೇಳಿದ್ರಲ್ಲ, ಮುಗೀತು" ಎಂದು ತಿರುಗಿ ನಡೆದಳು. ಆ ಭಾನುವಾರ ನಮ್ಮ ಕಚೇರಿಯ ದಿಕ್ಕಿನ ಗೋಡೆ ಬೆಳ್ಳಗಾಯಿತು. ಒಂದು ವಾಕ್ಯ, ಅಷ್ಟೇ. ಆ ಹೆಂಗಸು ಕೇಳುತ್ತಿದ್ದದ್ದು ಅದಕ್ಕಿಂತ ಹೆಚ್ಚೇನೂ ಅಲ್ಲವೆಂಬುದನ್ನು ನೆನೆದಾಗಲೆಲ್ಲ ಇಂದಿಗೂ ನನ್ನ ಮೈ ಉರಿಯುತ್ತದೆ.

ಏಕೆಂದರೆ ಆ ಒಂದು ವಾಕ್ಯವನ್ನು ಬಿಟ್ಟು ಅಂಬ್ರಪ್ಪ ಮಿಕ್ಕೆಲ್ಲವನ್ನೂ ಕೊಡಲು ಸಿದ್ಧನಿದ್ದ. ಹೊಸ ಸೀರೆ ಕಳಿಸಿದ. ಸೀರೆ ಮರಳಿ ಹೋಯಿತು. ಹಬ್ಬದ ಕರ್ಚಿಕಾಯಿ ಕಳಿಸಿದ. ತಟ್ಟೆ ತುಂಬಿದ್ದಂತೆಯೇ ಮರಳಿತು. ಕೊನೆಗೆ ಪಾಸ್ಟರರನ್ನೇ ಕಳಿಸಿದ. ಹೊಸದಾಗಿ ಬಂದಿದ್ದ ಆ ತರುಣ ಪಾಸ್ಟರರು ಆಗಮನದ ಮೂರನೆಯ ಭಾನುವಾರ ಕ್ಷಮೆಯ ಮೇಲೆ ಪ್ರಸಂಗ ಮಾಡುತ್ತ, ಮುಂದಿನ ಸಾಲಿನಲ್ಲಿ ಕೂತಿದ್ದವನನ್ನು ಬಿಟ್ಟು, ಹಿಂದೆ ಚಾಪೆಯ ಮೇಲೆ ಕೂತಿದ್ದವಳ ಮೇಲೆಯೇ ದೃಷ್ಟಿ ನೆಟ್ಟರು. ಹಗೆಯನ್ನು ಎದೆಯಲ್ಲಿಟ್ಟುಕೊಂಡು ಹಬ್ಬವನ್ನು ಎದುರುಗೊಳ್ಳಬಾರದೆಂದರು. ರೂತಮ್ಮ ಎದ್ದು ನಿಂತಳು.

"ಅಯ್ಯನವರ, ಕೈ ಚಾಚಿದವರಿಗಿ ಕೊಡ್ತೀನ್ರಿ. ಕೈ ಕಟ್ಕೊಂಡು ಕುಂತವರ ಉಡ್ಯಾಗ ಒಗದು ಬರ್ಬೇಕೇನು? ಏನ್ ಮಾಡ್ಯಾನ ಅಂತ ಅವ ಹೇಳ್ಲಿ. ಇಲ್ಲೇ ಹೇಳ್ಲಿ. ನಾ ಇಲ್ಲೇ ಬಿಡ್ತೀನಿ."

ಅಂಬ್ರಪ್ಪ ಕಣ್ಣು ತೆರೆಯಲಿಲ್ಲ. ಸಭೆಯೆಲ್ಲ ತಿರುಗಿ ನೋಡಿದ್ದು ರೂತಮ್ಮನನ್ನು. ದೇವರ ಮನೆಯಲ್ಲಿ ಗದ್ದಲವೆಬ್ಬಿಸಿದವಳೆಂದು ಗೊಣಗಿದ್ದೂ ಆಕೆಯ ಮೇಲೆಯೇ. ಸಮಾಧಿಗಳನ್ನು ಸದ್ದಿಲ್ಲದೆ ಕೊಟ್ಟವನು ಸಾಧು, ಸದ್ದು ಮಾಡಿದವಳು ಗಯ್ಯಾಳಿ! ಊರಿನ ನ್ಯಾಯದ ತಕ್ಕಡಿ ಅಂದೂ ಹೀಗೆಯೇ ತೂಗುತ್ತಿತ್ತು.

ಸಮಾಧಿಗಳು ಹೋದ ಏಳನೆಯ ವರ್ಷ ಯಾದಗಿರಿಯಿಂದ ಹಿರಿಯ ಪಾಸ್ಟರರು ಬರುವವರಿದ್ದರು. ಪ್ರಾರ್ಥನಾಮಂದಿರಕ್ಕೆ ಹೋಗುವ ದಾರಿಯಲ್ಲಿ ಮೊದಲು ಕಣ್ಣಿಗೆ ಬೀಳುವುದೇ ರೂತಮ್ಮನ ಪಡುಗೋಡೆ, ಸಮಾಧಿಭೂಮಿಯ ದಿಕ್ಕಿನದು, ಅಂಬ್ರಪ್ಪನ ಜಗಳ ತೀರದೆ ಏಳು ಮಳೆಗಾಲ ತಿಂದು ಮಣ್ಣು ಬಿಟ್ಟುಕೊಂಡಿದ್ದ ಗೋಡೆ. ಆಕೆ ಕೊಯ್ಲಿಗೆ ಹೋಗಿದ್ದ ಹೊತ್ತು ನೋಡಿ ಅಂಬ್ರಪ್ಪ ಆಳುಗಳನ್ನು ಕಳಿಸಿ ಅದಕ್ಕೆ ಸುಣ್ಣ ಬಳಿಸಿಬಿಟ್ಟ. ಸಂಜೆ ಬಂದವಳು ಗೋಡೆ ನೋಡಿದಳು. ಮರುದಿನ ಕೂಲಿ ಬಿಟ್ಟು, ಕಳೆ ತೆಗೆಯುವ ಕುರುಪಿ ಹಿಡಿದು ಮೇಲಿನಿಂದ ಕೆಳಗಿನವರೆಗೆ ಕೆರೆಯತೊಡಗಿದಳು. ಸುಣ್ಣದ ಪುಡಿ ಕೋಟಿನ ಮೇಲೆಲ್ಲ ಉದುರುತ್ತಿತ್ತು. ಹೋಗಿಬರುವವರು ಹಟಮಾರಿ ಎಂದರು, ಹುಚ್ಚಿ ಎಂದರು. ಮೌಲಾಬಿ ಒಬ್ಬಳು ತನ್ನ ಮನೆಯ ಕುರುಪಿ ತಂದು ಪಕ್ಕದಲ್ಲಿ ನಿಂತಳು. "ಯಾಕ ನೋಡ್ತೀರಿ? ಆಕಿ ಗ್ವಾಡಿ, ಆಕಿ ಸುಣ್ಣ. ನಿಮ್ಮ ಮನಿದು ಯಾರರ ಕೇಳ್ದೆ ಬಳದ್ರ ಸುಮ್ಕ ಇರ್ತಿದ್ರೇನು?" ಎಂದಳು.

ಹತ್ತನೆಯ ವರ್ಷ, ಮೂರನೆಯ ಭಾನುವಾರಕ್ಕೆ ಎರಡು ದಿನ ಮೊದಲು ಅಂಬ್ರಪ್ಪ ತೀರಿಕೊಂಡ. ಹಾಸಿಗೆ ಹಿಡಿದಿದ್ದಾಗ ಆತ ಹೇಳಿಕಳಿಸಿ ರೂತಮ್ಮನನ್ನು ಕರೆಸಿಕೊಂಡದ್ದುಂಟು. "ಆಗಿದ್ದು ಆಗಿಹೋತು, ಮರ್ತುಬಿಡವ್ವಾ" ಎಂದನಂತೆ. "ಏನಾಗ್ಯಾದಣ್ಣ? ಅಷ್ಟು ಹೇಳು" ಎಂದು ಈಕೆ ಕಾದಳಂತೆ. ಆತ ಮಗ್ಗುಲು ಬದಲಿಸಿದ. ಈಕೆ ಗಡಿಗೆಯ ನೀರು ಬಗ್ಗಿಸಿ, ಆತನಿಗೆ ಕುಡಿಸಿ, ಬಾಯಿ ಒರೆಸಿ ಎದ್ದುಬಂದಳು.

ಸಮಾಧಿಭೂಮಿ ಹೋದ ಮೇಲೆ ಸಭೆಗೆ ದಕ್ಕಿದ್ದು ಕಾಲುವೆಯ ಕೆಳಗಿನ ಒಂದು ಪಟ್ಟಿ ನೆಲ. ಗದ್ದೆಗಳಿಗೆ ನೀರು ಬಿಟ್ಟ ಕಾಲದಲ್ಲಿ ಅಲ್ಲಿ ಮೊಳಕಾಲುದ್ದ ತೋಡಿದರೆ ಜವುಳು. ಅಂಬ್ರಪ್ಪನಿಗಾಗಿ ತೋಡಿದ ಕುಣಿಯಲ್ಲಿ ಸೊಂಟಮಟ್ಟ ನೀರು ನಿಂತಿತು. ಮಗ ಗುರಣ್ಣ ನೆಂಟರೊಡನೆ ಕೊಡಗಳಲ್ಲಿ ಮೊಗೆಮೊಗೆದು ಚೆಲ್ಲಿದ, ಚೆಲ್ಲಿದಷ್ಟೂ ಒಸರಿತು. ಮಧ್ಯಾಹ್ನದ ಬಿಸಿಲಿನಲ್ಲಿ ಪೆಟ್ಟಿಗೆ ಬದುವಿನ ಮೇಲೆ ಕಾಯುತ್ತಿತ್ತು. ದಿಬ್ಬದಿಂದ ನೋಡುತ್ತಿದ್ದ ರೂತಮ್ಮ ತನ್ನ ನೇರ ಹೆಜ್ಜೆಗಳಲ್ಲಿ ಇಳಿದುಬಂದಳು.

"ಸಾಕ್ ಬಿಡು ಗುರಣ್ಣ. ನನ್ನ ಹಿತ್ತಲ ದಿಬ್ಬ ಒಣಗ್ಯಾದ. ಅಲ್ಲಿ ತೋಡ್ರಿ."

ಗುರಣ್ಣ ಗಳಗಳ ಅತ್ತ. ಪಾಸ್ಟರರು ಎರಡೂ ಕೈಯೆತ್ತಿ, ರೂತಮ್ಮ ಕ್ಷಮಿಸಿದಳು, ದೇವರಿಗೆ ಸ್ತೋತ್ರ ಎಂದರು. ಆಕೆ ಅವರತ್ತ ತಿರುಗಿ, "ಯಾರ ಹೇಳ್ಯಾರ್ರಿ ನಿಮಗ? ಹೆಣಕ್ಕ ಒಣಮಣ್ಣು ಬೇಕಿತ್ತು, ಕೊಟ್ಟೀನಿ. ಗ್ವಾಡಿದು ಬ್ಯಾರೆ ಮಾತು" ಎಂದಳು.

ನಾಲ್ಕನೆಯ ಭಾನುವಾರಕ್ಕೆ ಮೊದಲು ನಾನೇ ಗುರಣ್ಣನ ಬಳಿಗೆ ಹೋದೆ. ನಿನ್ನ ತಂದೆ ಹೇಳಬೇಕಾದದ್ದನ್ನು ನೀನು ಹೇಳಪ್ಪಾ, ನಾಲ್ಕು ಜನರ ಮುಂದೆ ಒಂದೇ ಮಾತು ಎಂದೆ. "ಸತ್ತವರ ಮ್ಯಾಲ ಹ್ಯಾಂಗ ಹೇಳಾದ್ರಿ ಸಾಹೇಬ್ರ? ಜಾಗಾನೇ ಕೊಟ್ಟಾಳ, ಇನ್ನೇನದ?" ಎಂದು ಆತ ಪ್ರಾಮಾಣಿಕವಾಗಿಯೇ ಬೆರಗಾದ. ಕ್ರಿಸ್ಮಸ್ಸಿನ ಬೆಳಿಗ್ಗೆ ಅಂಬ್ರಪ್ಪನ ಹೊಸ ಸಮಾಧಿಗೆ ಮಕ್ಕಳು ಅಪ್ಪಟ ಬಿಳಿಯ ಸುಣ್ಣ ಹೊಡೆಸಿದ್ದರು. ಅದರ ಹಿಂದೆ ರೂತಮ್ಮನ ಪಡುಗೋಡೆ ಮಣ್ಣುಬಣ್ಣದಲ್ಲಿ ನಿಂತಿತ್ತು. ಅಷ್ಟು ಕೊಟ್ಟವಳಿಗೆ ಒಂದು ಬಕೆಟ್ ಸುಣ್ಣ ಭಾರವಾಯಿತೇ ಎಂದು ಹಬ್ಬದೂಟ ಉಂಡವರೆಲ್ಲ ಕೇಳಿದರು.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಹಸಿದವರಿಗೆ ಅನ್ನವನ್ನೂ ಹಗೆಯ ಹೆಣಕ್ಕೆ ನೆಲವನ್ನೂ ಕೊಡುತ್ತಾರೆ, ಸುಳ್ಳೊಂದನ್ನು ಮಾತ್ರ ಕೊಡಲಾರರು. ಅವರನ್ನು ಕಲ್ಲೆದೆಯವರೆಂದು ಕರೆಯುವುದು ನಮಗೆ ಸುಲಭ. ಏಕೆಂದರೆ ಮರೆತುಬಿಡು ಎಂದು ನೊಂದವರಿಗೆ ಬುದ್ಧಿ ಹೇಳಲು ಊರೆಲ್ಲ ಸೇರುತ್ತದೆ, ಹೇಳಿಬಿಡು ಎಂದು ನೋಯಿಸಿದವನ ಬಾಗಿಲಿಗೆ ಹೋಗಲು ಒಬ್ಬರೂ ಏಳುವುದಿಲ್ಲ. ನಾನೂ ಎದ್ದದ್ದು ಹತ್ತು ವರ್ಷ ತಡವಾಗಿ, ಹೇಳಬೇಕಾದವನು ಮಣ್ಣಾದ ಮೇಲೆ.