ಟೂತ್‌ಬ್ರಷ್‌ನ ಒತ್ತು

ನಿವೃತ್ತ ಇಂಗ್ಲಿಷ್ ಮೇಷ್ಟ್ರನ್ನು ಕಿವಿ ಪರೀಕ್ಷೆಗೆ ಕರೆತಂದವಳು ಅವರ ಸೊಸೆ. ಮಾವನಿಗೆ ಮೂರು ಸಲ ಕೂಗಿದರೂ ಕೇಳಿಸುವುದಿಲ್ಲ, ಕೇಳಿಸಲಿಲ್ಲವೆಂದು ಒಪ್ಪುವುದೂ ಇಲ್ಲ ಎಂದು ಅವಳು ಬಾಗಿಲಲ್ಲೇ ಹೇಳಿಬಿಟ್ಟಳು. ಈಗಿನವರೆಲ್ಲ ಬಾಯೊಳಗೇ ಮಾತಾಡುತ್ತಾರೆ ಎಂಬುದು ಮೇಷ್ಟ್ರ ವಾದ.

ಪರೀಕ್ಷೆ ಮಾಡುವಾಕೆ ಅವರ ಕನ್ನಡಕ ತೆಗೆಸಿ ಸೊಸೆಯ ಕೈಗೆ ಕೊಟ್ಟು, ದಪ್ಪ ಗೋಡೆಯ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿದಳು. ಗಾಜಿನ ಈಚೆಯಿಂದ ತಾನು ಮೈಕಿನಲ್ಲಿ ಹೇಳುವ ಒಂದೊಂದು ಇಂಗ್ಲಿಷ್ ಪದವನ್ನೂ ಹಾಗೇ ತಿರುಗಿ ಹೇಳಿದರೆ ಸಾಕು ಎಂದಳು.

ಮೊದಲ ಪದ ಟೂತ್‌ಬ್ರಷ್. ಮೇಷ್ಟ್ರು ಹುಬ್ಬು ಗಂಟಿಕ್ಕಿದರು.

“ಅದ್ರಲ್ಲಿ ಎರಡು ತುಂಡು ಇದೆ ಕಣಮ್ಮ. ಟೂತ್, ಬ್ರಷ್. ಒತ್ತು ಮೊದಲನೇದ್ರ ಮೇಲೆ ಬೀಳ್ಬೇಕು. ನೀನು ಎರಡನ್ನೂ ಒಂದೇ ಸಮ ಒತ್ತಿದೆ.”

ಆಕೆ ಕೇಳಿಸಿತೆಂದು ಗುರುತು ಹಾಕಿಕೊಂಡು, ದನಿಯನ್ನು ಒಂದು ಮೆಟ್ಟಿಲು ಇಳಿಸಿ ರೇನ್‌ಬೋ ಎಂದಳು. ಅದಕ್ಕೂ ಅದೇ ದೂರು. ಫುಟ್‌ಬಾಲ್‌ಗೂ ಅಷ್ಟೇ. ನಲವತ್ತು ವರ್ಷ ಮಕ್ಕಳ ಪುಸ್ತಕಗಳಲ್ಲಿ ಇಂಥ ಜೋಡುಪದಗಳನ್ನು ಗೀಟು ಹಾಕಿ ಬಿಡಿಸಿದ ಕೈ ಅದು, ಗಾಳಿಯಲ್ಲೇ ತಿದ್ದುತ್ತಿತ್ತು. ತಮ್ಮ ಕ್ಲಾಸಿನಲ್ಲಾಗಿದ್ದರೆ ಆಕೆಗೆ ಸೊನ್ನೆಯೇ ಗತಿ ಎಂದೂ ಹೇಳಿದರು. ಸೊಸೆ ಹಣೆ ಚಚ್ಚಿಕೊಂಡಳು. ಪರೀಕ್ಷೆ ಮಾಡುವಾಕೆಗೆ ಮಾತ್ರ ನಗು ಬಂತು. ತಿದ್ದಬೇಕಾದರೂ ಮೊದಲು ಕೇಳಿಸಬೇಕಲ್ಲ!

ಏಳನೆಯ ಪದಕ್ಕೆ ಮೇಷ್ಟ್ರು ತಿದ್ದಲಿಲ್ಲ. ಎಂಟನೆಯದಕ್ಕೂ ಇಲ್ಲ. ಬೆರಳು ಗಾಳಿಯಲ್ಲೇ ನಿಂತಿತು. ಗಾಜಿನಾಚೆ ಆಕೆಯ ತುಟಿ ಅಲುಗಿದ್ದು ಮಸುಕಾಗಿ ಕಂಡು ಅವರ ಮುಖ ಸಣ್ಣದಾಯಿತು.

ಆಕೆ ಒಳಗೆ ಹೋಗಿ ಹೆಡ್‌ಫೋನ್ ತೆಗೆದು ಎದುರಿಗೆ ಕುಳಿತಳು. ಅವರ ಪಾಠ ಸರಿಯೇ, ಆದರೆ ಹಾಗೆ ಹೇಳಿದರೆ ಒತ್ತಿದ ತುಂಡು ಕೇಳಿಸಿ ಇನ್ನೊಂದು ಕೇಳಿಸದೆ ಹೋಗಬಹುದು, ಅದಕ್ಕೇ ಇಲ್ಲಿ ಎರಡಕ್ಕೂ ಸಮ ಒತ್ತು ಕೊಡುವುದು ಎಂದು ವಿವರಿಸಿದಳು.

ಮೇಷ್ಟ್ರು ಎತ್ತಿದ್ದ ಬೆರಳನ್ನು ಕೆಳಗಿಳಿಸಿದರು.

“ಮನೇಲಿ ನನಗೆ ಆಗ್ತಿರೋದೂ ಅದೇ,” ಎಂದರು. “ಒತ್ತಿ ಹೇಳಿದ್ದಷ್ಟೇ ಕಿವಿಗೆ ಬೀಳುತ್ತೆ. ಉಳಿದಿದ್ದನ್ನ ನಾನೇ ಊಹಿಸ್ಕೋತೀನಿ.”

ಬಾಗಿಲಲ್ಲಿ ನಿಂತಿದ್ದ ಸೊಸೆ ಅವರ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು.

ಹತ್ತು ದಿನಕ್ಕೆ ಕಿವಿಯ ಮಿಷನ್ ಬಂತು. ಅದನ್ನು ಹಾಕಿಸಿಕೊಂಡು ಹೊರಬಂದ ಮೇಷ್ಟ್ರು ಕಾರಿಡಾರಿನಲ್ಲಿ ತಮ್ಮದೇ ಚಪ್ಪಲಿಯ ಸದ್ದಿಗೆ ಎರಡು ಸಲ ನಿಂತರು. ನಡೆದು ಹೋಗೋಣವೇ, ಬಸ್ಸು ಹಿಡಿಯೋಣವೇ ಎಂದು ಸೊಸೆ ಹಿಂದಿನಿಂದ, ಮಾಮೂಲಿ ದನಿಯಲ್ಲೇ ಕೇಳಿದಳು.

“ನಡ್ಕೊಂಡೇ ಹೋಗೋಣಮ್ಮ,” ಎಂದರು ಅವರು. “ಮಾತಾಡ್ತಾ ಹೋದ್ರೆ ದಾರಿ ಸವೆಯುತ್ತೆ.”