ನೀರಿಗೆ ಹಾಕಿದ ಬೀಡಿ

“ಕೆಟ್ಟಿದ್ರೆ ಇದ್ರಲ್ಲಿ ಹಾಕು,” ಎಂದು ಅಖ್ತರ್ ಬೀ ನೀರು ತುಂಬಿದ ಬಕೆಟ್ಟನ್ನು ಮಗನ ಕಾಲ ಬಳಿ ಇಟ್ಟಳು. ಮನೆಯಲ್ಲಿ ಅವನೊಡನೆ ಉರ್ದು ಆಡುವವಳು, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು.

ಹಯಾತ್ ಭದ್ರಾವತಿಯ ಆ ಬೀಡಿ ಅಂಗಡಿಯಲ್ಲಿ ಚೆಕ್ಕರ್. ಹೆಂಗಸರು ಮನೆಯಲ್ಲಿ ಸುತ್ತಿ ತಂದ ಕಟ್ಟುಗಳಿಂದ ಕೆಟ್ಟ ಬೀಡಿ ತೆಗೆಯುವುದು ಅವನ ಕೆಲಸ. ತೆಗೆದದ್ದಕ್ಕೆ ಕೂಲಿಯಿಲ್ಲ. ಅದೇ ಬೀಡಿಯನ್ನು ಮಾಲೀಕ ಷಡಕ್ಷರಪ್ಪ ಹೊಳೆಹೊನ್ನೂರಿನ ಸಂತೆಯಲ್ಲಿ ಮಾರಿಸುತ್ತಿದ್ದ. ಇದು ಎಲ್ಲರಿಗೂ ಗೊತ್ತಿತ್ತು. ರೇಷನ್ ಅಂಗಡಿಯಲ್ಲಿ ಅಕ್ಕಿ ಸಿಗದ ಆ ವರ್ಷ, ಅರವತ್ತಾರರಲ್ಲಿ, ಹೆಂಗಸರು ಒಟ್ಟಾದರು. ಕೆಟ್ಟದ್ದನ್ನು ನಮ್ಮೆದುರೇ ನೀರಿಗೆ ಹಾಕಬೇಕು, ಇಲ್ಲದಿದ್ದರೆ ನಾಳೆಯಿಂದ ಎಲೆ ಮುಟ್ಟುವುದಿಲ್ಲ ಎಂದರು.

“ಹಾಕೋ ಹಯಾತ್,” ಒಳಗಿನಿಂದ ಷಡಕ್ಷರಪ್ಪ ನಕ್ಕ. “ಹೊಟ್ಟೆ ಉರಿಯೋದು ಯಾರಿಗೆ ಅಂತ ನೋಡೇಬಿಡೋಣ.”

“ನನ್ನಿಂದ್ಲೇ ಶುರು ಮಾಡು,” ಎಂದಳು ತಾಯಿ.

ತಾಯಿಯ ಪಕ್ಷ ವಹಿಸುತ್ತಾನೆ ಎಂಬ ಮಾತು ಬರಬಾರದೆಂದು ಹಯಾತ್ ಎರಡು ವರ್ಷದಿಂದ ಅವಳ ಕಟ್ಟಿನಲ್ಲೇ ಹೆಚ್ಚು ತೆಗೆಯುತ್ತಿದ್ದ. ಇವತ್ತೂ ಕೈ ಅದೇ ಅಭ್ಯಾಸದಲ್ಲಿ ಹೋಯಿತು. ಆರು ಬೀಡಿ ಎಳೆದು, “ಸಡಿಲ,” ಎಂದ. ಅವಳು ಆರನ್ನೂ ಎತ್ತಿಕೊಂಡಳು. ಒಂದೊಂದಾಗಿ ನೀರಿಗೆ ಬಿಟ್ಟಳು.

ಷಡಕ್ಷರಪ್ಪ ಬಕೆಟ್ ನೋಡಿದ, ಬಾಗಿಲಾಚೆಯವರೆಗಿನ ಸಾಲು ನೋಡಿದ. ಹಯಾತನನ್ನು ಒಳಗೆ ಕರೆದು, “ಇನ್ನು ಯಾರದ್ದೂ ತೆಗೀಬೇಡ ಮಾರಾಯ,” ಎಂದ. “ನೀರಿಗೆ ಹೋದ್ರೆ ನಮಗೇನು ಬಂತು?”

ಹಯಾತ್ ಬಂದು ಕೂತ. ಸಾಲಿನಲ್ಲಿ ಮುಂದಿದ್ದ ಕಾಶಮ್ಮನ ಕಟ್ಟು ಬಿಚ್ಚಿ, “ಸರಿ ಇದೆ,” ಎಂದ.

“ಎಲ್ಲಾನೂ?”

“ಎಲ್ಲಾನೂ.”

“ಅಲ್ಲಪ್ಪಾ, ನಿನ್ನೆ ಐದು ಕೆಟ್ಟಿದ್ವಲ್ಲ! ಒಂದೇ ದಿನಕ್ಕೆ ನನ್ನ ಬೆರಳು ನೆಟ್ಟಗಾದ್ವಾ?”

ಸಾಲಿಗೆ ಸಾಲೇ ನಕ್ಕಿತು. ಅಖ್ತರ್ ಬೀ ಮಾತ್ರ ನಗಲಿಲ್ಲ. “ಸುಮ್ನಿರೇ ಕಾಶಿ. ಅವನು ಕೆಲಸ ಮಾಡ್ಲಿ,” ಎಂದಳು.

ತಾಯಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹಯಾತ್ ತಲೆ ಎತ್ತದೆ ಮೂವತ್ತು ಸಲ “ಸರಿ ಇದೆ” ಎಂದ.

ಎಲ್ಲರೂ ಹೋದ ಮೇಲೆ ನೀರಿನಲ್ಲಿ ಆರೇ ಬೀಡಿ ತೇಲುತ್ತಿದ್ದವು. ಒಂದನ್ನು ಎತ್ತಿ ಬೆರಳುಗಳ ನಡುವೆ ಒತ್ತಿದ. ಅಷ್ಟು ಹೊತ್ತು ನೆನೆದರೂ ಸುತ್ತು ಬಿಟ್ಟಿರಲಿಲ್ಲ, ದಾರ ಜಾರಿರಲಿಲ್ಲ.

ಬಾಗಿಲಲ್ಲಿ ತಾಯಿ ನಿಂತಿದ್ದಳು. “ಬಕೆಟ್ ಕೊಡು ಬೇಟಾ. ಕಾಶಿ ಮನೇದು. ನಲ್ಲಿ ಬರೋ ಹೊತ್ತಾಯ್ತು.”

ಅವನು ಬೀಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಇನ್ನೊಂದು ಕೈಯಲ್ಲಿ ಬಕೆಟ್ ಎತ್ತಿ ಕೊಟ್ಟ. ಮುಷ್ಟಿಯಿಂದ ಕಂದು ನೀರು ಮೊಣಕೈವರೆಗೆ ಇಳಿಯಿತು.